ಹೊರಸು ಬಿದ್ದು ಲೈನ್ ಹೋಯಿತು

ಹೊಸದಾಗಿ ಲೈನ್‌ಮನ್ ಆಗಿ ಬರುವ ತಮ್ಮಂದಿರಿಗೆ ಮೊದಲ ದಿನ ಪ್ಲಾಯರ್ ಕೊಡುತ್ತಾರೆ, ಹೆಲ್ಮೆಟ್ ಕೊಡುತ್ತಾರೆ, ಸೊಂಟಕ್ಕೆ ಬೆಲ್ಟು, ಕೈಗೆ ರಬ್ಬರಿನ ಗವಸು ಕೊಡುತ್ತಾರೆ. ಕಿಸೆ ಕೊಡುವುದಿಲ್ಲ. ಕಿಸೆಯನ್ನು ನೀವೇ ಹೊಲಿಸಿಕೊಳ್ಳಬೇಕು. ಪ್ಯಾಂಟಿನ ಬಲಗಡೆ, ತೊಡೆಯ ಮೇಲೆ, ಅಂಗೈ ಪೂರಾ ಇಳಿಯುವಷ್ಟು ಆಳ, ಎರಡು ಪದರು ಕ್ಯಾನ್ವಾಸು. ಸಂಕೇಶ್ವರದ ದರ್ಜಿ ಒಂದು ದರ ಹೇಳುತ್ತಾನೆ, ಹತ್ತರಗಿಯವನು ಇನ್ನೊಂದು ಹೇಳುತ್ತಾನೆ. ಇಬ್ಬರನ್ನೂ ಕೇಳಿ ಮೂರನೆಯವನ ಹತ್ತಿರ ಹೊಲಿಸಿರಿ.

ಆ ಕಿಸೆ ಯಾಕೆ ಬೇಕು ಅನ್ನುವುದು ನನಗೆ ತಿಳಿಯಲು ಹೆಚ್ಚುಕಡಿಮೆ ಇಡೀ ಸರ್ವಿಸ್ ಹಿಡಿಯಿತು. ಅದೂ ತಿಳಿದದ್ದು ಒಂದು ಹಕ್ಕಿಯ ಗರಿಯಿಂದ. ಆ ಗರಿ ಯಾವ ಹಕ್ಕಿಯದು ಅನ್ನುವುದರ ಮೇಲೆ, ಒಬ್ಬ ಮನುಷ್ಯ ತನ್ನ ಅಪ್ಪನ ಕಾಲದಿಂದ ಸಾಕಿಕೊಂಡು ಬಂದ ನಲವತ್ತು ಪಾರಿವಾಳ ಇರಬೇಕೋ ಹೋಗಬೇಕೋ ಅನ್ನುವುದು ನಿಂತಿತ್ತು. ಅದನ್ನು ಹೇಳುತ್ತೇನೆ. ಆದರೆ ನಾನು ಬಾಯಿ ತೆರೆದ ಕೂಡಲೇ ದರ ಹೇಳುವವನಲ್ಲ. ಮೊದಲು ಮಾಲು ತೋರಿಸುತ್ತೇನೆ.

ನಾನು ಮೂಡಲಗಿ ಕಡೆಯ ಕುರಿಗಾರರ ಮನೆಯವನು. ಹತ್ತನೆಯ ಇಯತ್ತೆ ಪಾಸಾದವನು ನಮ್ಮ ಹಟ್ಟಿಯಲ್ಲಿ ಆಗ ನಾನೊಬ್ಬನೇ. ಅಷ್ಟಾದರೂ ಕೆಲಸ ಅಂತ ಸಿಕ್ಕಿದ್ದು ಕಂಬ ಹೊರುವ ಗ್ಯಾಂಗಿನಲ್ಲಿ ದಿನಗೂಲಿ. ಅದೂ ಸುಮ್ಮನೆ ಸಿಗಲಿಲ್ಲ. ಗ್ಯಾಂಗಿನ ಮುಕಾದಮ ನನ್ನ ತೋಳು ಹಿಡಿದು ನೋಡಿ ನಕ್ಕ.

"ಇಂಥಾ ಕಡ್ಡಿ ಕಂಬ ಹೊರತೈತೇನೋ?"

"ಹೊರಾಕ ಎಂಟ ಮಂದಿ ಪೈಲ್ವಾನರ ಅದಾರಲ್ರಿ ಕಾಕಾ. ನಿಲ್ಲಿಸಿದ ಮ್ಯಾಲ ಹತ್ತಾಕ ಯಾರದಾರ?"

ಮುಕಾದಮ ತನ್ನ ಎಂಟು ಮಂದಿಯ ಹೊಟ್ಟೆಗಳನ್ನು ಒಂದೊಂದಾಗಿ ನೋಡಿದ. ನಾಳೆಯಿಂದ ಬಾ ಅಂದ. ಮುಂದೆ ನಾನು ಯಾವಾಗ ಖಾಯಂ ಆದೆ, ಯಾವಾಗ ಮೇಲಿನ ದರ್ಜೆ ಸಿಕ್ಕಿತು ಅನ್ನುವುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಅದನ್ನು ಓದಿ ಇದುವರೆಗೆ ಯಾರೂ ನಕ್ಕಿಲ್ಲ, ಅದಕ್ಕೇ ಇಲ್ಲಿ ಬರೆಯುವುದಿಲ್ಲ.

ಈ ಕೆಲಸದಲ್ಲಿ ಅರ್ಧ ಕರೆಂಟು, ಅರ್ಧ ಚೌಕಾಶಿ. ಮೂಡಲಗಿಯಲ್ಲಿ ಒಬ್ಬ ಅಜ್ಜನ ಬೇವಿನ ಮರ ಲೈನಿಗೆ ತಾಗುತ್ತಿತ್ತು. ಕೊಡಲಿ ಹಿಡಿದು ಹೋದ ಮೂರು ಮಂದಿ ಲೈನ್‌ಮನ್‌ರನ್ನು ಅಜ್ಜ ಬೈದು ಕಳಿಸಿದ್ದ. ನಾನು ಕೊಡಲಿ ಇಲ್ಲದೆ ಹೋದೆ. ಮರದ ನೆರಳಿನಲ್ಲಿ ಕುಳಿತು ಅವನ ಮೆಣಸಿನ ಗಿಡ ನೋಡಿದೆ.

"ಅಜ್ಜಾ, ಈ ಸಾಲಿನ ಗಿಡ ಯಾಕ ಸಣಕಲಾಗ್ಯಾವು?"

"ನೆಳ್ಳಿಗೆ ನೋಡಪಾ. ಬಿಸಿಲ ಬೀಳಂಗಿಲ್ಲ."

"ಈ ಬಡಗಣ ಟೊಂಗಿ ಒಂದ ಇರಲಿಲ್ಲಂದ್ರ ಬೀಳತಿತ್ತೇನೋ."

ಅಜ್ಜ ಮೇಲೆ ನೋಡಿದ. ನನ್ನನ್ನು ನೋಡಿದ. "ಲೈನಿನಾವ ಅದೀಯೇನ?" ಅಂದ. ಹೌದು ಅಂದೆ. "ನಿನ್ನಂಥಾ ಮಾತಿನ ಮಲ್ಲನ್ನ ಮೊದಲ ಕಳಿಸಿದ್ರ ಬೈಗಳಾದ್ರೂ ಉಳೀತಿದ್ವು," ಅಂದು ತನ್ನ ಕೊಡಲಿಯನ್ನೇ ಕೊಟ್ಟ. ಕಡಿದ ಟೊಂಗೆಯನ್ನು ಅವನ ಮನೆಗೇ ಹೊತ್ತು ಹಾಕಿ ಬಂದೆ. ನೆನಪಿಡಿರಿ: ಅಪ್ಪಣೆ ತೋರಿಸಿದರೆ ಜನ ಎದ್ದು ನಿಲ್ಲುತ್ತಾರೆ, ಅವರ ಲಾಭ ತೋರಿಸಿದರೆ ಕುಳಿತು ಮಾತಾಡುತ್ತಾರೆ.

ಇನ್ನು ನನ್ನ ದೊಡ್ಡ ಫಜೀತಿಯ ವಿಷಯ. ಆಗ ಗೋಕಾಕದಲ್ಲಿದ್ದೆ. ಸಬ್‌ಸ್ಟೇಶನ್ನಿನಲ್ಲಿ ಲಾಗ್‌ಬುಕ್ ಅಂತ ಒಂದು ದೊಡ್ಡ ವಹಿ ಇರುತ್ತದೆ. ಲೈನ್ ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು, ಯಾಕೆ ಹೋಯಿತು, ಎಲ್ಲ ಅದರಲ್ಲಿ ಬರೆಯಬೇಕು. ಒಂದು ಮುಂಜಾನೆ ಕಂಬದ ಮೇಲೆ ಒಂದು ಜೋಡಿ ಬೆಳವಕ್ಕಿ ಕುಳಿತಿದ್ದವು. ಒಂದಕ್ಕೆ ಕರೆಂಟು ತಗುಲಿ ಬಿತ್ತು, ಲೈನು ಹೋಯಿತು. ಸಣ್ಣ ಪಾರಿವಾಳದಂಥ ಈ ಕಾಡುಹಕ್ಕಿ ನಿಮಗೆ ಗೊತ್ತು, ಹೊಲದಲ್ಲಿ ಮಧ್ಯಾಹ್ನವೆಲ್ಲ ಕುಕ್ಕುರೂ ಕುಕ್ಕುರೂ ಅನ್ನುತ್ತಿರುತ್ತದೆ. ನಮ್ಮ ಹಟ್ಟಿಯಲ್ಲಿ ಅದಕ್ಕೆ 'ಹೊರಸ' ಅನ್ನುತ್ತೇವೆ. ನಾನು ನೀಟಾಗಿ ಬರೆದೆ: "ಕಾರಣ: ಹೊರಸು ಬಿದ್ದು ಲೈನ್ ಹೋಯಿತು. ಹೊರಸು ತೆಗೆದು ಚಾಲೂ ಮಾಡಲಾಯಿತು."

ಉಳಿದ ಊರುಗಳಲ್ಲೆಲ್ಲ ಹೊರಸು ಅಂದರೆ ಮಲಗುವ ಹಗ್ಗದ ಮಂಚ ಅನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬರೆಯುವಾಗ ತಲೆಗೆ ಬರಲಿಲ್ಲ, ಅಷ್ಟೇ.

ಮರುದಿನ ನಮ್ಮ ಸಾಹೇಬರು ಕರೆಸಿದರು. ಮಾತು ಕಡಿಮೆ, ಹುಬ್ಬು ದಪ್ಪ. ವಹಿ ತೆರೆದು ಬೆರಳಿಟ್ಟರು.

"ಏನಿದು? ಕಂಬದ ಮ್ಯಾಲ ಹೊರಸ ಒಯ್ದಾವ ಯಾವ?"

"ಯಾರೂ ಒಯ್ದಿಲ್ರಿ. ತಾನ ಬಂದು ಕುಂತಿತ್ರಿ."

"ತಾನ ಬಂತು?"

"ಹೌದ್ರಿ. ಜೋಡಿ ಇದ್ವು."

"ಎರಡ ಹೊರಸ?"

"ಗಂಡೊಂದು ಹೆಣ್ಣೊಂದು, ಸಾಹೇಬ್ರ. ಬಿದ್ದದ್ದು ಗಂಡು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂಜಾನಿ ಮುಂಜಾನಿ ಕುಡದ ಬಂದೀಯೇನಪಾ?" ಅಂದರು. ಹೊರಗೆ ಕಿವಿಗೊಟ್ಟು ನಿಂತವರು ನಕ್ಕ ರಭಸಕ್ಕೆ ಬಾಗಿಲು ತೆರೆದೇಬಿಟ್ಟಿತು. ಆವತ್ತಿನಿಂದ ಗೋಕಾಕ ಸೆಕ್ಷನ್ನಿನಲ್ಲಿ ನನ್ನ ಹೆಸರು ಹೊರಸಪ್ಪ. ವರ್ಗವಾಗಿ ಹುಕ್ಕೇರಿಗೆ ಹೋದರೆ ಆ ಹೆಸರು ನನಗಿಂತ ಮೊದಲಿನ ಬಸ್ಸಿಗೆ ಬಂದು ಕುಳಿತಿತ್ತು. ಆದರೆ ಸಾಹೇಬರು ಒಂದು ಒಳ್ಳೆಯ ಮಾತು ಹೇಳಿದರು: "ಇನ್ನ ಮ್ಯಾಲ ಹಕ್ಕಿ ಬಿದ್ದು ಲೈನ್ ಹೋದ್ರ ಬರೇ ಹೆಸರ ಬರೀಬ್ಯಾಡ. ಗರಿ ತಂದು ತೋರಿಸು."

ಅಂದಿನಿಂದ ಗರಿ ಆರಿಸುವ ಚಟ ಹತ್ತಿತು. ಆಗೆಲ್ಲ ಲೈನು ಹೋದರೆ ಸೈಕಲ್ ಮೇಲೆ ಕಂಬದಿಂದ ಕಂಬಕ್ಕೆ ತಿರುಗಬೇಕು, ಕತ್ತು ಮೇಲೆ ಮಾಡಿ ನೋಡಬೇಕು. ಈಗ ಊರಿನವರೇ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ, ಗ್ರೂಪಿನಲ್ಲಿ ಬೈಗಳವನ್ನೂ ಕಳಿಸುತ್ತಾರೆ. ಒಳ್ಳೆಯದೇ ಆಯಿತು. ಆದರೆ ಫೋಟೋದಲ್ಲಿ ಕಂಬದ ತಲೆ ಬರುತ್ತದೆ, ಕಂಬದ ಬುಡ ಬರುವುದಿಲ್ಲ. ನಾನು ಹೇಳುವುದು ಇಷ್ಟೇ: ಮೇಲೆ ನೋಡುವ ಮೊದಲು ಕೆಳಗೆ ನೋಡಿರಿ. ಬಾವಲಿಯೋ, ಕಾಗೆಯೋ, ಓತಿಕ್ಯಾತವೋ, ಏನಾಯಿತು ಅನ್ನುವುದು ಹುಲ್ಲಿನಲ್ಲಿ ಬಿದ್ದಿರುತ್ತದೆ.

ಪಾರಿವಾಳ ಮತ್ತು ಬೆಳವದ ಗರಿ ಬೇರೆ ಮಾಡುವುದನ್ನು ಕುರಿ ಕಾಯುತ್ತಿದ್ದ ನನ್ನ ಸೋದರಮಾವ ಕಲಿಸಿದ್ದ. ಬಾಲದ ಗರಿ ಹಿಡಿದು ತುದಿ ನೋಡು. ತುದಿ ಕರಿ ಇದ್ದರೆ ಪಾರಿವಾಳ, ತುದಿ ಬಿಳಿ ಇದ್ದರೆ ಬೆಳವ. ಬೂದಿ ಬಣ್ಣದ ಸಾದಾ ಪಾರಿವಾಳದ ಬಾಲಕ್ಕೆ ಕೊನೆಯಲ್ಲಿ ಕರಿ ಪಟ್ಟಿ. ಬೆಳವದ ಬಾಲದ ಬದಿಯ ಗರಿ ಬುಡದಲ್ಲಿ ಕಪ್ಪು, ತುದಿಯಲ್ಲಿ ಸುಣ್ಣ ಹಚ್ಚಿದಂತೆ ಬಿಳಿ. ಈ ಎರಡು ಸಾಲಿನ ಮೇಲೆ ನಾನು ಇಡೀ ಸರ್ವಿಸ್ ಪಂಡಿತನಾಗಿ ಮೆರೆದೆ. ಎರಡು ಸಾಲಿನ ಪಾಂಡಿತ್ಯ ಒಂದು ದಿನ ಕೈ ಕೊಡುತ್ತದೆ ಅನ್ನುವುದನ್ನು ಮಾವ ಹೇಳಿರಲಿಲ್ಲ.

ನಿವೃತ್ತಿಗೆ ಇನ್ನು ಐದು ತಿಂಗಳಿದ್ದಾಗಿನ ಮಾತು. ಬೆಲ್ಲದ ಬಾಗೇವಾಡಿ ಕಡೆಯ ಲೈನು ದಿನಾ ಮುಂಜಾನೆ ಹತ್ತರ ಸುಮಾರಿಗೆ ಫಟ್ ಅಂತ ಹೋಗಲು ಶುರುವಾಯಿತು. ಐದು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಹೋಗದೆ ನಿಲ್ಲುತ್ತಿತ್ತು. ಹತ್ತಕ್ಕೆ ಅಂದರೆ ಕಬ್ಬಿಗೆ ನೀರು ಬಿಡುವ ಹೊತ್ತು. ಐದು ನಿಮಿಷ ಕರೆಂಟು ಹೋದರೆ ಇಪ್ಪತ್ತು ಮೋಟಾರು ಮತ್ತೆ ಚಾಲೂ ಮಾಡಬೇಕು, ಒಬ್ಬೊಬ್ಬರು ಹೊಲದ ಆ ತುದಿಯಿಂದ ಈ ತುದಿಗೆ ಓಡಬೇಕು. ಕಬ್ಬಿನ ನಿಂಗಪ್ಪ ಅಂತ ಒಬ್ಬ ದೊಡ್ಡ ರೈತ, ದೊಡ್ಡ ಬಾಯಿ. ಅವನು ಎರಡು ದಿನ ಓಡಿದ, ಮೂರನೆಯ ದಿನ ಕಾರಣ ಹುಡುಕಿದ. ನಾಲ್ಕನೆಯ ದಿನ ಇಪ್ಪತ್ತು ಜನರನ್ನು ಕಟ್ಟಿಕೊಂಡು ಆಫೀಸಿಗೆ ಬಂದ.

"ಕಾಂಬಳೆ ಮಿಲಿಂದನ ಪಾರಿವಾಳ್ರಿ. ಹತ್ತಕ್ಕ ಬಿಡತಾನ, ಹತ್ತಕ್ಕ ಲೈನ ಹೋಕ್ಕೈತಿ. ಇನ್ನೇನ ತನಿಖೆ ಮಾಡ್ತೀರಿ?"

ಮಿಲಿಂದ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವವನು. ಅವನ ಅಪ್ಪ ಇದೇ ಹೊಲಗಳಲ್ಲಿ ಆಳಾಗಿ ದುಡಿದು ಅವನನ್ನು ಓದಿಸಿದ. ಅಪ್ಪ ಬಿಟ್ಟು ಹೋದದ್ದು ಎರಡೇ: ಗೋಡೆಯ ಮೇಲೆ ಬುದ್ಧನ ಫೋಟೋ, ಮಾಳಿಗೆಯ ಮೇಲೆ ಪಾರಿವಾಳ. ಅವರ ಮನೆಗೂ ನಮ್ಮ ಜೋಡಿಕಂಬಕ್ಕೂ ನಡುವೆ ಒಂದು ಹೊಲದ ಬದು. ಜೋಡಿಕಂಬ ಅಂದರೆ ಎರಡು ಕಂಬ ಸೇರಿಸಿ ಮೇಲೆ ಸ್ವಿಚ್ಚು ಕೂರಿಸಿದ್ದು, ಲೈನು ಕವಲೊಡೆಯುವ ಜಾಗ. ಡ್ಯೂಟಿಗೆ ಹೋಗುವ ಮೊದಲು ಮಿಲಿಂದ ಪಾರಿವಾಳ ಹಾರಿಬಿಡುತ್ತಿದ್ದದ್ದೂ ಹತ್ತರ ಸುಮಾರಿಗೇ. ಮಧ್ಯಾಹ್ನ ಅವನ ಅವ್ವ ಜೋಳ ತೂರಿ ಒಳಗೆ ಕರೆದು ಬಾಗಿಲು ಹಾಕುತ್ತಿದ್ದಳು.

ಆಗ ನಮಗೆ ಮೇಲಧಿಕಾರಿಯಾಗಿ ಹಾಸನ ಕಡೆಯ ಒಬ್ಬ ಮೇಡಂ ಬಂದಿದ್ದರು. ನನ್ನ ಮಗಳಿಗಿಂತ ಚಿಕ್ಕವರು. ದೊಡ್ಡ ಸದ್ದಿಗೆ ಹೆದರುವವರಲ್ಲ, ಸುಮ್ಮನೆ ಬಿಟ್ಟುಕೊಡುವವರೂ ಅಲ್ಲ. ಎಲ್ಲರ ಮಾತು ಕೇಳಿ ಹೇಳಿದರು: "ಪುರಾವೆ ಇಲ್ಲದೆ ನಾನು ಯಾರ ಮೇಲೂ ಬರೆಯಲ್ಲ. ಪುರಾವೆ ಸಿಕ್ಕರೆ ಬಿಡೋದೂ ಇಲ್ಲ. ಪಾರಿವಾಳದ್ದೇ ತಪ್ಪು ಅಂತಾದ್ರೆ ಸೋಮವಾರದೊಳಗೆ ಗೂಡು ತೆಗೆಸಬೇಕು ಅಂತ ಪಂಚಾಯಿತಿಗೆ ಕಾಗದ ಹೋಗುತ್ತೆ." ಆಮೇಲೆ ನನ್ನ ಕಡೆ ತಿರುಗಿದರು. "ಗರಿ ನೋಡಿ ಹಕ್ಕಿ ಹೇಳ್ತೀರಂತೆ. ಹೋಗಿ ಹುಡುಕಿ."

ಹೋಗುವ ಮೊದಲು ನಾನು ಲಾಗ್‌ಬುಕ್ ತಿರುವಿದೆ. ಲೈನು ಹತ್ತಕ್ಕಷ್ಟೇ ಅಲ್ಲ, ಒಮ್ಮೊಮ್ಮೆ ಸಂಜೆ ನಾಲ್ಕರ ಮೇಲೂ ಹೋಗಿತ್ತು. ನಾಲ್ಕಕ್ಕೆ ಮೋಟಾರು ಓಡುವುದಿಲ್ಲ, ಅದಕ್ಕೆ ಯಾರೂ ಕೂಗಿರಲಿಲ್ಲ. ನಾಲ್ಕಕ್ಕೆ ಮಿಲಿಂದನ ಪಾರಿವಾಳವೂ ಹೊರಗಿರುವುದಿಲ್ಲ. ಮೇಡಂಗೆ ತೋರಿಸಿದೆ. "ಒಂದೆರಡು ಹೊರಗೆ ಉಳಿದಿರಬಹುದು. ಇದು ಅನುಮಾನ, ಪುರಾವೆ ಅಲ್ಲ," ಅಂದರು. ಸರಿಯಾದ ಮಾತೇ.

ಮರುದಿನ ಮುಂಜಾನೆ ಜೋಡಿಕಂಬದ ಬುಡದಲ್ಲಿ ನಾನು, ಮೇಡಂ, ನಿಂಗಪ್ಪ, ಮಿಲಿಂದ. ಕಬ್ಬಿನ ರವದಿ, ಅಂದರೆ ಉದುರಿದ ಒಣ ಎಲೆ, ಕೆದರುತ್ತ ಹೋದೆ. ಅರ್ಧ ತಾಸಿಗೆ ಒಂದು ಬಾಲದ ಗರಿ ಸಿಕ್ಕಿತು. ಎತ್ತಿ ಬೆಳಕಿಗೆ ಹಿಡಿದೆ. ತುದಿ ಕರಿ. ಕಾಡಿಗೆಯಂಥ ಕರಿ.

ನನಗೆ ಮಿಲಿಂದನ ಮುಖ ನೋಡಲಾಗಲಿಲ್ಲ. "ಕರೀ ತುದಿ ಐತ್ರಿ," ಅಂದೆ. "ಪಾರಿವಾಳದ್ದು."

"ನಾ ಏನ ಹೇಳಿದ್ನಿ!" ಅಂತ ನಿಂಗಪ್ಪ ತೊಡೆ ತಟ್ಟಿದ. ಮೇಡಂ ಪೆನ್ನು ತೆಗೆದರು.

ಮಿಲಿಂದ ಜಗಳ ಮಾಡಲಿಲ್ಲ. "ಕಾಕಾ, ಒಂಚೂರ ಕೊಡ್ರಿ ಇಲ್ಲೆ," ಅಂದು ಗರಿ ತೆಗೆದುಕೊಂಡ. ದಿನವೆಲ್ಲ ಗಾಜಿನ ಪಟ್ಟಿಯ ಮೇಲೆ ರಕ್ತ ನೋಡುವವನ ಕಣ್ಣು ಅದು. ತಿರುಗಿಸಿ ನೋಡಿದ. ಆಮೇಲೆ ಮೂಗಿಗೆ ಹಿಡಿದ.

"ಸುಟ್ಟ ಕೂದಲ ವಾಸನಿ ಬರಾಕತ್ತೈತಿ."

ಹೆಬ್ಬೆರಳಿನಿಂದ ತುದಿ ತಿಕ್ಕಿದ. ಕರಿ ಪುಡಿಪುಡಿಯಾಗಿ ಉದುರಿ ಬೆರಳಿಗೆ ಹತ್ತಿತು. ತುದಿಯಲ್ಲಿ ಗರಿಯೇ ಇರಲಿಲ್ಲ, ಬರೀ ಮುರುಟಿದ ಎಳೆ. ಅದು ಹಕ್ಕಿಯ ಬಣ್ಣವಲ್ಲ, ನಮ್ಮ ಕರೆಂಟಿನ ಬಣ್ಣ! ಮಿಲಿಂದ ಮಾಳಿಗೆಗೆ ಓಡಿ ತನ್ನ ಪಾರಿವಾಳದ ಉದುರಿದ ಬಾಲದ ಗರಿ ತಂದು ಪಕ್ಕದಲ್ಲಿಟ್ಟ. ಅದು ಅಗಲ, ಬೆರಳಷ್ಟು ಉದ್ದ ಹೆಚ್ಚು, ಕರಿ ಪಟ್ಟಿ ಅಳತೆ ಹಿಡಿದು ಗೀರಿದಂತೆ ಅಡ್ಡಕ್ಕೆ ನೆಟ್ಟಗೆ. ನನ್ನ ಕೈಯಲ್ಲಿದ್ದದ್ದು ಕಿರಿದು, ಮತ್ತು ಬುಡದ ಕಡೆ ಕಪ್ಪು. ಪಾರಿವಾಳದ ಗರಿಗೆ ಬುಡ ಬೂದಿ.

"ಮೇಡಂ, ನನ್ನ ಮಾತ ವಾಪಸ್ ತಗೋತೇನ್ರಿ," ಅಂದೆ. ಸಭೆಯಲ್ಲಿ ಈ ಮಾತು ಹೇಳುವುದನ್ನು ಕಲಿಯಿರಿ. ಮೊದಲ ಸಲ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ರೂಢಿಯಾಗುತ್ತದೆ.

"ಈಗ ಹೀಗೆ, ಆಗ ಹಾಗೆ ಅಂದ್ರೆ ನಾನು ಏನು ಬರೀಲಿ?" ಅಂದರು ಮೇಡಂ. "ಸುಟ್ಟು ಗಿಡ್ಡ ಆಗಿರಬಹುದಲ್ವಾ?"

"ಸುಟ್ಟರ ಉದ್ದ ಕಡಿಮಿ ಆದೀತ್ರಿ, ಬುಡದ ಬಣ್ಣ ಬದಲಾಗೂದಿಲ್ಲ. ಆದ್ರೂ ನಿಮಗ ಖಾತ್ರಿ ಬೇಕು. ಅರ್ಧ ತಾಸ ಲೈನ ಬಂದ್ ಮಾಡಿಸ್ರಿ, ಮ್ಯಾಲ ಹತ್ತಿ ನೋಡತೇನಿ."

ನಿಂಗಪ್ಪ ಸಿಡಿದ. "ನನ್ನ ನೀರಿನ ಪಾಳಿ ಐತಿ! ಬಂದ್ ಮಾಡಿದ್ರ ಆಗೂದಿಲ್ಲ."

ಇಲ್ಲಿ ನನ್ನ ಹಳೇ ವಿದ್ಯೆ ಕೆಲಸಕ್ಕೆ ಬಂತು. "ನಿಂಗಪ್ಪಣ್ಣಾ, ಒಂದ ಮಾತ ಮಾಡಿಕೊಳ್ಳೂಣು. ಮ್ಯಾಲ ಪಾರಿವಾಳದ ಗುರುತ ಸಿಕ್ರ, ಸೋಮವಾರದ ತನಕ ಯಾಕ, ಇವತ್ತ ನಾನ ಗೂಡ ಇಳಸತೇನಿ. ಬ್ಯಾರೆ ಹಕ್ಕಿ ಅಂತ ಖರೆ ಆದ್ರ, ನೀ ಮಿಲಿಂದನ ಮನಿಗೆ ಹೋಗಿ ಅವ್ವನ ಕೈಲೆ ಚಹಾ ಕುಡೀಬೇಕು."

ನಿಂಗಪ್ಪ ಮಿಲಿಂದನ ಮನೆಯ ಕಡೆ ನೋಡಿದ. ಅವನ ಹೊಲದಲ್ಲಿ ಆ ಮನೆಯ ಮೂರು ತಲೆಮಾರು ದುಡಿದಿದೆ. ಆ ಮನೆಯ ಕಟ್ಟೆ ಅವನು ಹತ್ತಿದ್ದಿಲ್ಲ. ಕಡೆಗೆ ನಿಂಗಪ್ಪ ಕಬ್ಬಿನ ಕಡೆ ನೋಡುತ್ತ, "ಹತ್ತು, ಹತ್ತು. ಚಹಾದ ಮಾತೇನ ದೊಡ್ಡದು," ಅಂದ. ಅವನಿಗೆ ಅದು ದೊಡ್ಡ ಮಾತೇ ಆಗಿತ್ತು, ಅದಕ್ಕೇ ಹಾಗಂದ.

ಲೈನು ಬಂದಾಯಿತು. ಎರಡು ಕಡೆ ಭೂಮಿಗೆ ತಂತಿ ಕೊಟ್ಟು, ಪರೀಕ್ಷೆ ಮಾಡಿ ಹತ್ತಿದೆ. ಎಷ್ಟೇ ಅವಸರ ಇರಲಿ, ಯಾರು ಕೂಗಲಿ, ಇದನ್ನು ಬಿಡಬೇಡಿರಿ. ನನ್ನ ಜೋಡಿ ಗ್ಯಾಂಗಿಗೆ ಸೇರಿದವರಲ್ಲಿ ಇದನ್ನು ಒಮ್ಮೆ ಮಾತ್ರ ಬಿಟ್ಟವರಿದ್ದರು. ಒಮ್ಮೆ ಮಾತ್ರ.

ಮೇಲೆ ಸ್ವಿಚ್ಚಿನ ಕಬ್ಬಿಣದ ಪಟ್ಟಿಯ ಮೂಲೆಯಲ್ಲಿ ಒಂದು ಗೂಡು. ಒಂದು ಬೆಳವ ಭರ್ ಅಂತ ಎದ್ದು ಹೋಯಿತು. ಗೂಡಿನಲ್ಲಿ ಎರಡು ಬಿಳಿ ತತ್ತಿ, ಅಂಚಿಗೆ ಅಂಟಿಕೊಂಡ ಒಂದು ಪುಟ್ಟ ಗರಿ. ಉಗುರಿನಷ್ಟು, ಕಪ್ಪು, ತುದಿ ಎರಡು ಸೀಳು, ಒಂದೊಂದು ಸೀಳಿನ ತುದಿಗೂ ಒಂದೊಂದು ಬಿಳಿ ಚುಕ್ಕಿ. ಇದು ಚುಕ್ಕಿ ಬೆಳವದ ಕುತ್ತಿಗೆಯ ಗರಿ. ಅದರ ಕತ್ತಿನ ಹಿಂದೆ ಬಿಳಿ ಎಳ್ಳು ಚೆಲ್ಲಿದಂತೆ ಕಾಣುವ ಪಟ್ಟಿ ಇಂಥ ಗರಿಗಳದ್ದೇ. ಪಾರಿವಾಳಕ್ಕೆ ಇಂಥದು ಹುಡುಕಿದರೂ ಸಿಗುವುದಿಲ್ಲ. ಹತ್ತಕ್ಕೆ ಮತ್ತು ನಾಲ್ಕರ ಮೇಲೆ ಯಾಕೆ ಅನ್ನುವುದೂ ಹೊಳೆಯಿತು. ರಾತ್ರಿಯೆಲ್ಲ ಹೆಣ್ಣು ಕಾವು ಕೂರುತ್ತದೆ, ಹತ್ತರ ಸುಮಾರಿಗೆ ಗಂಡು ಬಂದು ಪಾಳಿ ಬದಲಿಸುತ್ತದೆ; ಸಂಜೆ ಹೆಣ್ಣು ಮತ್ತೆ ಬರುತ್ತದೆ. ಕುರಿ ಹಿಂದೆ ತಿರುಗಿದವರಿಗೆಲ್ಲ ಗೊತ್ತಿರುವ ಮಾತು. ನಮ್ಮ ಸಬ್‌ಸ್ಟೇಶನ್ನಿನ ಆಪರೇಟರುಗಳಿಗಿಂತ ಅವು ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬರುತ್ತವೆ. ಒಂದು ಏಳುವಾಗ, ಇನ್ನೊಂದು ಕೂರುವಾಗ ಗೂಡು ಅಲುಗುತ್ತದೆ.

ಅಲುಗಿದರೆ ಲೈನು ಯಾಕೆ ಹೋಗಬೇಕು? ಗೂಡಿಗೆ ಕೈ ಹಾಕಿದೆ.

ಬೆಳವದ ಗೂಡೆಂದರೆ ಹತ್ತಿಪ್ಪತ್ತು ಕಡ್ಡಿ. ಇದರಲ್ಲಿ ಕಡ್ಡಿ ಅರ್ಧ, ಅಲ್ಯುಮಿನಿಯಂ ತಂತಿಯ ತುಂಡು ಅರ್ಧ. ಒಂದು ತುಂಡು ಕೆಳಗೆ ಜೋತು ಕರೆಂಟಿನ ತಂತಿಯ ಹತ್ತಿರಕ್ಕೆ ಇಳಿದಿತ್ತು. ಗೂಡು ಅಲುಗಿದಾಗ ಅದು ತಾಗುತ್ತದೆ, ಕಿಡಿ ಹಾರುತ್ತದೆ, ಹಕ್ಕಿ ಬಾಲ ಸುಟ್ಟುಕೊಂಡು ಪಾರಾಗುತ್ತದೆ. ಆ ತುಂಡುಗಳೆಲ್ಲ ಮೂರು ಸುತ್ತು ಸುರುಳಿ, ಕೊನೆಗೆ ಒಂದು ಕೊಂಡಿ. ಲೈನಿನ ತಂತಿಯನ್ನು ಕಂಬದ ಪಿಂಗಾಣಿಗೆ ತುಂಡು ತಂತಿಯಿಂದ ಕಟ್ಟುವಾಗ ಉಳಿದವರು ಎರಡು ಸುತ್ತು ಸುತ್ತಿ ಬಿಡುತ್ತಾರೆ. ಮೂರು ಸುತ್ತು ಸುತ್ತಿ ಕೊಂಡಿ ಮಡಿಸುವವನು ಹುಕ್ಕೇರಿ ತಾಲೂಕಿನಲ್ಲಿ ಒಬ್ಬನೇ. ಅದನ್ನು ನಾನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದೇನೆ. ತಿಂಗಳ ಹಿಂದೆ ಇದೇ ಕಂಬ ಹತ್ತಿ ನನ್ನ ಹಳೇ ಕಟ್ಟುಗಳನ್ನು ಕತ್ತರಿಸಿ ಹೊಸದು ಕಟ್ಟಿದವನೂ ನಾನೇ. ಕತ್ತರಿಸಿದ ತುಂಡನ್ನು ಎಲ್ಲಿ ಹಾಕಿದೆ? ಎಲ್ಲರೂ ಹಾಕುವಲ್ಲಿ. ಕೆಳಗೆ. ಬೆಳವ ಅದನ್ನು ಒಂದೊಂದಾಗಿ ಆರಿಸಿ ನನಗೇ ವಾಪಸು ತಂದಿಟ್ಟಿತ್ತು.

ಖರೆ ಹೇಳುತ್ತೇನೆ, ಮೇಲೆ ನಿಂತೇ ನಾನು ಲೆಕ್ಕ ಹಾಕಿದೆ. ಕುತ್ತಿಗೆಯ ಗರಿ ಒಂದನ್ನೇ ತೋರಿಸಿದರೂ ಸಾಕು, ಮಿಲಿಂದ ಪಾರಾಗುತ್ತಾನೆ. ತಂತಿಯ ತುಂಡನ್ನು ಶರ್ಟಿನೊಳಗೆ ತುರುಕಿದರೆ ಯಾರಿಗೆ ಗೊತ್ತು? ಐದು ತಿಂಗಳಲ್ಲಿ ಕೈ ಮುಗಿದು ಮನೆಗೆ ಹೋಗಬಹುದು. ಎರಡು ತುಂಡನ್ನು ತುರುಕಿಯೂ ಬಿಟ್ಟೆ.

ಕೆಳಗಿಂದ ಮಿಲಿಂದ ಕೂಗಿದ. "ಕಾಕಾ, ಏನಾರೆ ಸಿಕ್ತೇನ್ರಿ?"

ಅವನ ದನಿಯಲ್ಲಿ ಏನಿತ್ತೆಂದರೆ, ನಾನು ಏನು ಹೇಳುತ್ತೇನೋ ಅದನ್ನು ಅವನು ನಂಬುವವನಿದ್ದ. ಮುಂಜಾನೆ ಅವನ ಮುಖಕ್ಕೇ "ಪಾರಿವಾಳದ್ದು" ಅಂದವನು ನಾನು. ತನ್ನ ಹಕ್ಕಿಗಾಗಿ ಅವನು ಒಂದು ಸುಟ್ಟ ಗರಿಯನ್ನು ಮೂಸಿ ನೋಡಿದ. ನಾನು ನನ್ನ ತಂತಿಯನ್ನು ಮುಚ್ಚಿಡುವುದೇ? ಶರ್ಟಿನೊಳಗಿನ ತುಂಡು ಹೊಟ್ಟೆಗೆ ಚುಚ್ಚುತ್ತಿತ್ತು. ಹೊರಗೆ ತೆಗೆದೆ.

ಕೆಳಗಿಳಿದು ಮೇಡಂ ಅವರ ಅಂಗೈಯಲ್ಲಿ ಮೊದಲು ಗರಿ ಇಟ್ಟೆ. ಎರಡು ಬಿಳಿ ಚುಕ್ಕಿ ತೋರಿಸಿದೆ. ಅಷ್ಟರಲ್ಲಿ ಬೆಳವ ಬಂದು ಗೂಡಿನ ಮೇಲೆ ಕುಳಿತು, ಕುತ್ತಿಗೆ ತಿರುಗಿಸಿ, ಅದೇ ಚುಕ್ಕಿಯ ಪಟ್ಟಿ ತೋರಿಸಿತು. ಇಂಥ ಸಾಕ್ಷಿ ಯಾವ ಕೋರ್ಟಿಗೂ ತಾನಾಗಿ ಬರುವುದಿಲ್ಲ. ಮಿಲಿಂದ ತನ್ನ ಮಾಳಿಗೆಯ ಕಡೆ ತಿರುಗಿ ನೋಡಿದ. ಆಮೇಲೆ ತಂತಿಯ ತುಂಡುಗಳನ್ನು ಇಟ್ಟೆ.

"ಇವು ಯಾರವು?" ಅಂದರು ಮೇಡಂ.

"ನನ್ನವ್ರಿ. ಮೂರು ಸುತ್ತು, ಒಂದ ಕೊಂಡಿ. ಸಹಿ ಇದ್ದಂಗ."

ನಿಂಗಪ್ಪ ಒಂದು ತುಂಡು ತೆಗೆದುಕೊಂಡು ಸುತ್ತು ಎಣಿಸಿದ. "ಅಂದ್ರ ಇಷ್ಟ ದಿನಾ ನಮ್ಮನ್ನ ಓಡಿಸಿದಾವ ನೀನ ಏನೋ ಹೊರಸಪ್ಪಾ!" ಅಂತ ಎಷ್ಟು ಜೋರಾಗಿ ನಕ್ಕನೆಂದರೆ ಮಾಳಿಗೆಯ ಪಾರಿವಾಳವೆಲ್ಲ ಎದ್ದು ಒಂದು ಸುತ್ತು ಹಾಕಿ ಬಂದವು.

ಮೇಡಂ ನಗಲಿಲ್ಲ. "ಕಾರಣದಲ್ಲಿ ನಿಮ್ಮ ಹೆಸರು ಬರೆಯಬೇಕಾಗುತ್ತೆ," ಅಂದರು.

"ಬರೀರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಬರೇ ನನ್ನ ಹೆಸರ ಬರದ್ರ ನಾ ಒಬ್ಬಾವ ಸುಧಾರಿಸ್ತೇನಿ. ತಾಲೂಕಿನ ಎಲ್ಲಾ ಕಂಬದ ಬುಡಕ ಇಂಥಾ ತುಂಡ ಬಿದ್ದಾವು. ಹತ್ತಾವರಿಗೆಲ್ಲಾ ಒಂದೊಂದ ಚೀಲ ಕೊಡಸ್ರಿ, ಕತ್ತರಿಸಿದ್ದ ಅದರಾಗ ಹಾಕ್ಕೊಂಡ ಇಳೀತಾರ. ಇನ್ನೊಂದ ಅರ್ಜಿ: ಆ ಗೂಡ ತಿಂಗಳ ತನಕ ಇರಲಿ. ತಂತಿ ಎಳದ ತಗದೇನಿ, ಕೆಳಗಿನ ಲೈನಿಗೆ ರಬ್ಬರ ಪೈಪ ತೊಡಸತೇನಿ."

"ಶಿಕ್ಷೆ ತಗೊಳ್ಳೋವಾಗಲೂ ಚೌಕಾಶಿ ಮಾಡ್ತೀರಲ್ರೀ!" ಅಂದರು. ಈಗ ನಕ್ಕರು.

ಮರುದಿನ ಲಾಗ್‌ಬುಕ್ಕಿನಲ್ಲಿ ಅವರೇ ಬರೆದರು. ಬೆಳವಕ್ಕೆ ನಮ್ಮ ಹಟ್ಟಿಯಲ್ಲಿ ಏನನ್ನುತ್ತಾರೆ ಅಂತ ಕೇಳಿದರು. ಹೇಳಿದೆ, ಗೋಕಾಕದ ಕಥೆಯನ್ನೂ ಹೇಳಿದೆ. ಬರೆದದ್ದು ಹೀಗೆ: "ಕಾರಣ: ಸಿಬ್ಬಂದಿ ಬಿಸುಟ ತಂತಿಯಿಂದ ಹೊರಸು ಕಟ್ಟಿದ ಗೂಡು. ಹೊರಸು ಎಂದರೆ ಇಲ್ಲಿ ಮಂಚವಲ್ಲ." ಕೆಳಗೆ ನನ್ನ ಹೆಸರೂ ಇತ್ತು. ನಿವೃತ್ತಿಯ ಫೈಲಿಗೆ ಅದರಿಂದ ಏನೂ ಆಗಲಿಲ್ಲ. ಬೈಸಿಕೊಂಡು ಮುಗಿಸುವ ತಪ್ಪಿಗಾಗಿ ನಾನು ಕಂಬದ ಮೇಲೆ ಅಷ್ಟು ಹೆದರಿದ್ದೆ. ಚೀಲಗಳೂ ಬಂದವು, ಹಳೇ ತಾಡಪತ್ರಿ ಕತ್ತರಿಸಿ ಹೊಲಿದದ್ದು. ಈಗ ಅವು ಹರಿದಿವೆಯಂತೆ, ಅದಕ್ಕೇ ಕಿಸೆ ಹೊಲಿಸಿಕೊಳ್ಳಿರಿ ಅಂತ ಮೊದಲೇ ಹೇಳಿದ್ದು.

ಚಹಾದ ವಿಷಯ. ನಿಂಗಪ್ಪ ಮಾತಿಗೆ ತಪ್ಪಲಿಲ್ಲ. ಅಂದೇ ಮಿಲಿಂದನ ಕಟ್ಟೆ ಹತ್ತಿದ, ಎಲ್ಲಿ ಕೂರಬೇಕು ತಿಳಿಯದೆ ನಿಂತ. ಮಿಲಿಂದನ ಅವ್ವ ಚಹಾ ತಂದು ಕೈಗಿಟ್ಟು, "ಸಕ್ಕರಿ ಬಾಳ ಹಾಕೇನಿ, ನಿಮ್ಮ ಕಬ್ಬಿಂದ ಇರಬೇಕು," ಅಂದಳು. ನಿಂಗಪ್ಪ ಕುಳ್ಳಿರದೆ ಕುಡಿದ. ಎರಡನೆಯ ಕಪ್ಪನ್ನು ಕುಳಿತು ಕುಡಿದ. ಆಮೇಲೆ ಮಾಳಿಗೆ ಹತ್ತಿ, ಯಾವ ಪಾರಿವಾಳ ಎಷ್ಟು ಹೊತ್ತು ಹಾರುತ್ತದೆ ಅಂತ ಕೇಳುತ್ತ ನಿಂತವನನ್ನು ಇಳಿಸಲು ಅವನ ಮನೆಯವರೇ ಬರಬೇಕಾಯಿತು. ಆ ನಲವತ್ತು ಪಾರಿವಾಳ ಈಗ ಐವತ್ತರ ಮೇಲಾಗಿವೆ. ನಾಲ್ಕು ನಿಂಗಪ್ಪನವು, ಇಟ್ಟಿರುವುದು ಮಿಲಿಂದನಲ್ಲಿ.

ನನ್ನ ಕೊನೆಯ ದಿನ ಆಫೀಸಿನವರು ಶಾಲು ಹೊದಿಸಿದರು, ಹಾರ ಹಾಕಿದರು, ಎರಡು ಭಾಷಣ ಮಾಡಿದರು. ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಸದ್ದು. ನಿಂಗಪ್ಪ ಓಡಿಸುತ್ತಿದ್ದ, ಹಿಂದೆ ಟ್ರಾಲಿಯಲ್ಲಿ ಮಿಲಿಂದ ಒಂದು ಹೊಸ ಹೊರಸನ್ನು ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ. ಮಲಗುವ ಹೊರಸು. ಬೇವಿನ ಕಾಲು, ಸೆಣಬಿನ ಹಗ್ಗ. ಹಗ್ಗದ ಹೆಣಿಗೆ ನೋಡಿದೆ: ಎಲ್ಲ ಕಟ್ಟಿಗೂ ಮೂರು ಸುತ್ತು, ಒಂದು ಕೊಂಡಿ.

"ಕಾಕಾ, ಜೋಡಿಲೆ ತರಬೇಕಂತಿದ್ವಿ," ಅಂದ ಮಿಲಿಂದ. "ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗಲಿಲ್ಲ."

ಅದನ್ನು ಈಗ ಅಂಗಳದ ಬೇವಿನ ಕೆಳಗೆ ಹಾಕಿಕೊಂಡಿದ್ದೇನೆ. ಊಟವಾದ ಮೇಲೆ ಹೋಗಿ ದಪ್ಪಂತ ಬೀಳುತ್ತೇನೆ. ಮೇಲೆ ಟೊಂಗೆಯಲ್ಲಿ ಒಂದು ಜೋಡಿ ಬೆಳವ ಕುಕ್ಕುರೂ ಅನ್ನುತ್ತಿರುತ್ತವೆ, ಒಳಗೆ ಫ್ಯಾನು ತಿರುಗುತ್ತಿರುತ್ತದೆ. ಹೊರಸಿನ ಮೇಲೆ ನಾನು ದಿನಾ ಬಿದ್ದಿದ್ದೇನೆ, ಲೈನು ಒಮ್ಮೆಯೂ ಹೋಗಿಲ್ಲ.